ಇರುವೆ ಗೂಡಿನ ಹಿಂದಿನ ತೀರ್ಪು

ಮುದುಕ ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ಮೂರನೆಯ ದಿನಕ್ಕೇ ಗೊತ್ತಾಯಿತು.

ವಕೀಲರ ಬಳಿ ಗುಮಾಸ್ತನಾಗಿದ್ದೆ, ಹಳೆಯ ಮೊಕದ್ದಮೆ ಓದುವ ಚಟ ಎಂದಿದ್ದ. ಆದರೆ ವರದಿಯಲ್ಲಿ ಮೊಕದ್ದಮೆಯ ಸಂಖ್ಯೆ ಎಲ್ಲಿರುತ್ತದೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ಅಲ್ಲದೆ, ನೂರಾರು ವರದಿಗಳಿದ್ದರೂ ಅವನು ಕೇಳುತ್ತಿದ್ದುದು ಒಂದನ್ನೇ.

ಅವಳ ಕೆಲಸ ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಹಳೆಯ ಪುಸ್ತಕಗಳ ಒಂದೊಂದೇ ಪುಟ ಸ್ಕ್ಯಾನ್ ಮಾಡಿ ಡಿಜಿಟಲ್ ಗ್ರಂಥಾಲಯಕ್ಕೆ ಸೇರಿಸಬೇಕು, ಕೇಳಿ ಬಂದವರಿಗೆ ಹುಡುಕಿ ಕೊಡಬೇಕು. ಕೇಳಿ ಬರುವವರೇ ಇರಲಿಲ್ಲ. ದಿನವಿಡೀ ಯಂತ್ರದ ಗುಂಯ್ ಸದ್ದು. ಪುಟದ ಮೇಲೆ ಹರಿದುಹೋಗುವ ಬೆಳಕಿನ ಒಂದು ಗೆರೆ. ಅಜ್ಜಿಯ ಕಥೆಗಳಲ್ಲಿ ಏಳು ಬಾಗಿಲುಗಳ ಆಚೆ ಕೂಡಿಹಾಕಿದ ರಾಜಕುಮಾರಿಗೂ ಮಾತಿಗೊಂದು ಗಿಳಿ ಇರುತ್ತಿತ್ತು. ಸುಳ್ಳುಗಾರನಾದರೂ ಸರಿ, ಮುದುಕ ಬರುವ ಹನ್ನೊಂದು ಗಂಟೆಗೆ ಅವಳು ಕಾಯತೊಡಗಿದ್ದಳು.

ಆ ವರದಿ ನಲವತ್ತಾರು ವರ್ಷ ಹಳೆಯದು. ಅಕ್ಷರ ಸಣ್ಣದಾದ್ದರಿಂದ ಅವಳೇ ಓದಿ ಹೇಳಿದಳು. ಅಣ್ಣ, ತಮ್ಮ, ಮನೆಯಲ್ಲಿ ಇಬ್ಬರೇ. ಊಟಕ್ಕೆ ಕೂತಾಗ ಯಾವುದೋ ಮಾತಿಗೆ ಮಾತು ಬೆಳೆದು ಅಣ್ಣ ಕೆನ್ನೆಗೆ ಹೊಡೆದಿದ್ದ. ತಮ್ಮ ಎದ್ದು ಹೊರಟ. ಅಣ್ಣ ಬೆನ್ನಹಿಂದೆಯೇ ಓಡಿದ. ಒಂಬತ್ತು ದಿನಗಳ ಮೇಲೆ ಕಾಲುವೆಯಲ್ಲಿ ಹೆಣ ತೇಲಿತು. ಮುಖ ಗುರುತು ಹತ್ತುವಂತಿರಲಿಲ್ಲ; ಅಂಗಿ ನೋಡಿ ತಮ್ಮನದೇ ಎಂದರು. ಎರಡನೆಯ ಸಾಕ್ಷಿ ಕಾಲುವೆಯ ಕಾವಲುಗಾರ. ಅಣ್ಣ ತಮ್ಮನನ್ನು ನೀರಿಗೆ ನೂಕಿದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಿದವನು, ತೀರ್ಪಿಗೆ ಮುಂಚೆಯೇ ಊರು ಬಿಟ್ಟಿದ್ದ. ಅಣ್ಣನಿಗೆ ಗಲ್ಲು. ಕೊನೆಯಲ್ಲಿ ಒಂದೇ ಸಾಲು: ಮೇಲ್ಮನವಿ ಸಲ್ಲಿಸಲಾಗಿದೆ.

ಮೇಲಿನ ಕೋರ್ಟು ಏನೆಂದಿತು? ಮುದುಕನಿಗೆ ಬೇಕಾಗಿದ್ದುದು ಅಷ್ಟೇ. ಆ ವರ್ಷದ ಮೇಲ್ಮನವಿ ವರದಿಯೊಂದು ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಅಂಗಿಯ ಮಾತು ಬಂದಾಗ, ಆ ಗೀರುಗೀರಿನ ಬಟ್ಟೆ ಆಗ ಊರಿನ ಅರ್ಧ ಜನರ ಮೈಮೇಲಿತ್ತು ಎಂದು ಗೊಣಗಿದ. ಕಾವಲುಗಾರನ ಹೇಳಿಕೆ ಓದುವಾಗ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ.

"ಅವತ್ತು ಆ ಮಂಜಲ್ಲಿ ಏನು ಕಾಣತ್ತಮ್ಮ ಮಣ್ಣು!"

ಅವಳು ಓದುವುದನ್ನು ನಿಲ್ಲಿಸಿದಳು. ವರದಿಯಲ್ಲಿ ಮಂಜಿನ ಸುದ್ದಿಯೇ ಇರಲಿಲ್ಲ.

ಗುಮಾಸ್ತನ ಕಥೆ ಅಲ್ಲಿಗೆ ಮುಗಿಯಿತು. ಆಗ ಆ ಊರಿನಲ್ಲೇ ಇದ್ದೆ ಎಂದು ಒಪ್ಪಿಕೊಂಡ. ಊರು ಬಿಟ್ಟು ಹಡಗುಗಳಲ್ಲಿ ಅಡುಗೆ ಮಾಡುತ್ತಾ ಅಲೆದನಂತೆ. ಯಾವುದೋ ಬಂದರಿನಲ್ಲಿ ಸಾಮಾನು ಕಟ್ಟಿಕೊಟ್ಟ ಹಳೆಯ ಪೇಪರಿನಲ್ಲಿ ಅಣ್ಣನಿಗೆ ಗಲ್ಲು ಶಿಕ್ಷೆಯಾದ ಸುದ್ದಿ ಓದಿದ ಮೇಲೆ ಆ ಊರಿಗೆ ಮುಖ ತೋರಿಸುವ ಧೈರ್ಯ ಬರಲಿಲ್ಲವಂತೆ. ಮದುವೆಯಿಲ್ಲ, ಮಕ್ಕಳಿಲ್ಲ. ಈಗ ಒಂದು ಬಾಡಿಗೆ ಕೋಣೆ. ಅಲ್ಲಿ ಸತ್ತರೆ ಮೂರು ದಿನ ಯಾರಿಗೂ ತಿಳಿಯುವುದಿಲ್ಲ ಎಂದು ನಕ್ಕ.

"ಅಣ್ಣನ್ನ ನೇಣಿಗೆ ಹಾಕಿದ್ರಾ ಇಲ್ವಾ, ಅದೊಂದು ಹೇಳಿಬಿಡು. ನಾನು ಮಾಡಿದ್ದಕ್ಕೆ ಒಬ್ಬ ಸತ್ತನೋ ಬದುಕಿದನೋ ಗೊತ್ತಾಗದೆ ಕಣ್ಣು ಮುಚ್ಚೋಕೆ ಆಗ್ತಿಲ್ಲ."

ಹಾಗಾದರೆ ಇವನೇ ಆ ಎರಡನೆಯ ಸಾಕ್ಷಿ ಎಂದುಕೊಂಡಳು. ಅವಳಿಗೆ ಮೈ ಉರಿಯಿತು. ಸುಳ್ಳು ಸಾಕ್ಷಿ ಹೇಳಿ ಓಡಿಹೋದವನಿಗೆ ತಾನೇಕೆ ಹುಡುಕಿಕೊಡಬೇಕು? ಎರಡು ದಿನ ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಅವನು ಎದುರಿನ ಕುರ್ಚಿಯಲ್ಲಿ ಸುಮ್ಮನೆ ಕೂತು ಐದಕ್ಕೆ ಎದ್ದು ಹೋದ. ಮೂರನೆಯ ದಿನ ಬರಲಿಲ್ಲ. ನೆಲಮಾಳಿಗೆ ಮತ್ತೆ ಮೊದಲಿನಂತಾಯಿತು. ಮಧ್ಯಾಹ್ನದ ಹೊತ್ತಿಗೆ ಅವಳು ತಡೆಯಲಾಗದೆ ಮೆಟ್ಟಿಲು ಹತ್ತಿ ರಟ್ಟಣ್ಣನ ಬಳಿ ಹೋದಳು.

ರಟ್ಟಣ್ಣ ಐವತ್ತು ವರ್ಷದಿಂದ ಅಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವನು. ವರದಿ ಎಷ್ಟು ದಪ್ಪವಿತ್ತೆಂದು ಕೇಳಿದ. ತೆಳ್ಳಗೆ ಇದ್ದಿರಬೇಕು ಎಂದಳು.

"ತೆಳ್ಳಗಿದ್ರೆ ಒಂಟಿಯಾಗಿ ಯಾಕೆ ಬಿಡ್ತೀನಿ? ಒಂದೇ ಅಳತೆಯ ಇನ್ನೊಂದು ಪುಸ್ತಕಕ್ಕೆ ಸೇರಿಸಿ ಹೊಲೀತಿದ್ದೆ. ಗುಣ ನೋಡಿ ಮಾಡೋ ಮದುವೆ ಅಲ್ಲಮ್ಮ ಅದು, ಅಳತೆ ನೋಡಿ ಮಾಡೋದು."

ದಾಖಲೆಯಲ್ಲಿ ಬರೆಯುತ್ತಿದ್ದುದು ಮೊದಲ ಪುಸ್ತಕದ ಹೆಸರು, ಅದರದೇ ಪುಟಗಳ ಲೆಕ್ಕ. ಡಿಜಿಟಲ್ ಗ್ರಂಥಾಲಯವೂ ದಾಖಲೆಯನ್ನೇ ನಕಲು ಮಾಡಿಕೊಂಡಿತ್ತು.

ಅವಳು ಕೆಳಗೆ ಬಂದು, ದಾಖಲೆಗಿಂತ ಹೆಚ್ಚು ಪುಟಗಳಿರುವ ಕಡತಗಳನ್ನು ಒಂದೊಂದಾಗಿ ತೆರೆದಳು. ಇರುವೆಗಳ ಗೂಡುಗಳ ಬಗ್ಗೆ ಪಂಡಿತರೊಬ್ಬರು ಬರೆದ ಗ್ರಂಥ ದಾಖಲೆಯಲ್ಲಿ ನೂರಹನ್ನೆರಡು ಪುಟವೆಂದಿತ್ತು, ಕಡತದಲ್ಲಿ ನೂರತೊಂಬತ್ತು. ನೂರಹದಿಮೂರನೆಯ ಪುಟದಲ್ಲಿ ಇರುವೆಗಳಿರಲಿಲ್ಲ. ಕೋರ್ಟಿನ ಮುದ್ರೆ ಇತ್ತು.

ಮರುದಿನ ಹನ್ನೊಂದಕ್ಕೆ ಮುದುಕ ಬಂದ. ಜ್ವರವಿತ್ತಂತೆ. ಅವಳು ಪರದೆಯ ಮೇಲೆ ಆ ತೀರ್ಪನ್ನು ತೆರೆದು ಓದತೊಡಗಿದಳು. ಹೆಣದ ಎತ್ತರ ತಮ್ಮನ ಎತ್ತರಕ್ಕೆ ಹೊಂದುವುದಿಲ್ಲ. ಎರಡನೆಯ ಸಾಕ್ಷಿಯ ಮಾತು ನಂಬಲರ್ಹವಲ್ಲ. ಶಿಕ್ಷೆ ರದ್ದು, ಆರೋಪಿ ಬಿಡುಗಡೆ. ಆಮೇಲೆ, ಬೇರೆಲ್ಲಾದರೂ ಹೋಗಿ ಬದುಕಿಕೊಳ್ಳುತ್ತೀಯಾ ಎಂದು ನ್ಯಾಯಾಧೀಶರು ಕೇಳಿದ್ದಕ್ಕೆ ಅಣ್ಣ ಕೊಟ್ಟ ಉತ್ತರ: "ಇಲ್ಲ ಸ್ವಾಮಿ. ಅವನಿಗೆ ಸಿಟ್ಟು ಇಳಿಯೋಕೆ ಸ್ವಲ್ಪ ದಿನ ಬೇಕು. ಬಂದಾಗ ಮನೇಲಿ ನಾನಿರಬೇಕು."

ಮುದುಕ ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಲು ಹೇಳಿದ. ಓದಿದಳು. ಅವನ ಹೆಗಲು ಅಲುಗುವುದನ್ನು ನೋಡಿ ಅವಳ ಸಿಟ್ಟೆಲ್ಲ ಎಲ್ಲಿಗೋ ಹೋಯಿತು.

"ಅಳಬೇಡಿ ಅಜ್ಜ. ನಿಮ್ಮ ಸಾಕ್ಷಿನ ಮೇಲಿನ ಕೋರ್ಟು ನಂಬಲೇ ಇಲ್ಲ. ನಿಮ್ಮಿಂದ ಯಾರೂ ಸಾಯಲಿಲ್ಲ."

ಅವನು ಪರದೆಯ ಮೇಲಿನ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

"ನಾನು ಸಾಕ್ಷಿ ಅಲ್ಲ ಮಗಳೇ," ಎಂದ. "ಅವನು ಯಾರಿಗಾಗಿ ಕಾಯ್ತಾ ಕೂತನೋ, ಆ ತಮ್ಮ."