ಸಂಜೆ ಪಾಳಿಯ ಕೊಕ್ಕರೆ

ಹಕ್ಕಿಗಳೆಲ್ಲ ನಾಪತ್ತೆಯಾಗಿ ಮೂವತ್ತು ವರ್ಷವಾಗಿದ್ದರೂ ಹಕ್ಕಿಧಾಮ ಮುಚ್ಚಿರಲಿಲ್ಲ. ಜವರಯ್ಯ ಅಲ್ಲಿ ಹನ್ನೊಂದು ವರ್ಷದಿಂದ ಕೊಕ್ಕರೆ. ಇನ್ನೂ ಕಾಯಂ ಆಗಿರಲಿಲ್ಲ. ಆ ಸಂಜೆಯೂ ಪುಕ್ಕದ ಅಂಗಿ ತೊಟ್ಟು, ಫೈಬರ್ ಕೊಕ್ಕು ಬಿಗಿದುಕೊಂಡು, ಪಾದ ಮುಳುಗುವಷ್ಟು ನೀರಿನಲ್ಲಿ ಒಂಟಿಕಾಲಲ್ಲಿ ನಿಂತಿದ್ದ. ದೋಣಿಯಲ್ಲಿ ಬಂದ ಪ್ರವಾಸಿಗರು ದುರ್ಬೀನು ಹಿಡಿದು ನೋಡುತ್ತಿದ್ದರು.

ಅಷ್ಟರಲ್ಲಿ ಅವನ ಪಕ್ಕದಲ್ಲಿ ಇನ್ನೊಂದು ಕೊಕ್ಕರೆ ಬಂದು ನಿಂತಿತು. ಅವನ ಸೊಂಟದಷ್ಟೂ ಎತ್ತರವಿಲ್ಲ. ಎತ್ತರದ ನಿಯಮ ಗಾಳಿಗೆ ತೂರಿ ಯಾರನ್ನೋ ತುರುಕಿದ್ದಾರೆಂದು ಜವರಯ್ಯನಿಗೆ ಹೊಟ್ಟೆ ಉರಿಯಿತು.

"ಯಾರ ಕಡೆಯವ್ನಲಾ ನೀನು? ಶಾಸಕ್ರ ಕಡೆಯವ್ನಾ?" ಎಂದು ಪಿಸುಗುಟ್ಟಿದ.

ಅದು ಜೀವಂತ ಮೀನೊಂದನ್ನು ಹಿಡಿದು ಗುಳುಂ ಎಂದು ನುಂಗಿತು. ಹಸಿ ಮೀನು ನುಂಗುವಷ್ಟು ಬಕೆಟ್ ಹಿಡಿಯುವವನು ಬಂದ ಮೇಲೆ ತನ್ನ ಕೆಲಸ ಉಳಿದಂತೆಯೇ ಎಂದುಕೊಂಡ ಜವರಯ್ಯ, ಕೊಕ್ಕನ್ನು ಇನ್ನಷ್ಟು ಮೇಲೆತ್ತಿ ನಿಂತ.

"ಆ ಚಿಕ್ಕದು ತೀರಾ ನಕಲಿ ಕಣ್ರೀ, ಕಾಲು ನೋಡಿ, ಕಡ್ಡಿ ಥರ ಇದೆ," ಎಂದಳು ದೋಣಿಯಲ್ಲಿದ್ದ ಹೆಂಗಸು. ಕ್ಯಾಮೆರಾಗಳೆಲ್ಲ ಜವರಯ್ಯನತ್ತ ತಿರುಗಿದವು. ಅವನು ಬೀಗಿದ. ಚಿಕ್ಕದು ರೆಕ್ಕೆ ಬಿಚ್ಚಿ ಮೇಲಕ್ಕೆ ಹಾರಿ, ಅವನ ನೆತ್ತಿಯ ಮೇಲೆ ಪಿಚಕ್ಕನೆ ಹಿಕ್ಕೆ ಹಾಕಿ, ಮುಳುಗುವ ಸೂರ್ಯನತ್ತ ಹೊರಟುಹೋಯಿತು.

ದಡಕ್ಕೆ ಬಂದವನೇ ಮೇಲ್ವಿಚಾರಕಿ ಶಿವಗಂಗಮ್ಮನವರಿಗೆ ದೂರು ಒಪ್ಪಿಸಿದ.

"ಮೇಡಂ, ಆ ಹೊಸಬುನ್ಗೆ ಗೈರುಹಾಜರಿ ಹಾಕಿ. ಪಾಳಿ ಮುಗಿಯಕ್ಕೆ ಇನ್ನೂ ಅರ್ಧ ಗಂಟೆ ಇತ್ತು, ಹಾರ್ಕಂಡು ಹೊಂಟೋದ. ನನ್ ತಲೆ ನೋಡಿ, ಹೆಂಗೆ ಗಲೀಜು ಮಾಡವ್ನೆ!"

ಶಿವಗಂಗಮ್ಮ ಹಾಜರಿ ಪುಸ್ತಕ ಕೆಳಗಿಟ್ಟು, ಅವನ ನೆತ್ತಿಯನ್ನು ಬೆರಳ ತುದಿಯಿಂದ ಮುಟ್ಟಿದರು. ಇನ್ನೂ ಹಸಿಯಾಗಿತ್ತು.

"ಒರೆಸ್ಬೇಡ ಕಣಯ್ಯ," ಎಂದರು. ಮೂವತ್ತು ವರ್ಷದಿಂದ ಖಾಲಿ ಬಿದ್ದಿದ್ದ ಆಕಾಶದತ್ತ ಕತ್ತೆತ್ತಿ ನೋಡಿದರು.