ಎಡತೋಳಿನ ಅಳತೆ

ದರ್ಜಿ ಹೆಂಗಸು ಮಗಳ ಶಾಲೆಯ ಹೊಸ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. ಈ ಸಲ ಕೆಲಸ ಕುತ್ತಿಗೆಯವರೆಗೆ ಬಂದಿದ್ದರಿಂದ, ಕೋಟನ್ನು ಕತ್ತರಿಸಿ ಹೊಲಿದವರು ಅವಳ ಅತ್ತೆ. ಬಟ್ಟೆಯ ಬಿಸಿ ಆರುವ ಮೊದಲೇ ಮಗಳು ಚಿನಕುರುಳಿ ಅದನ್ನು ಎಳೆದುಕೊಂಡು ತೊಟ್ಟಳು. ಯಾವಾಗಲಿನಂತೆ ಮೊದಲು ಎಡಗೈ ತೂರಿಸಿ, ಆಮೇಲೆ ಬಲಗೈ. ಕನ್ನಡಿಯಲ್ಲಿ ಬಲತೋಳು ಮಣಿಕಟ್ಟಿಗೆ ಸರಿಯಾಗಿ ಕೂತಿತ್ತು. ಎಡತೋಳಿನಲ್ಲಿ ಬೆರಳೇ ಕಾಣಿಸಲಿಲ್ಲ.

"ಅಜ್ಜಿ, ನನ್ನ ಕೈ ಒಳಗೆ ಹೋಗಿ ಬಾಗಿಲು ಹಾಕ್ಕೊಂಡಿದೆ," ಎಂದು ಅವಳು ನಕ್ಕಳು.

ಅತ್ತೆಗೆ ನಗು ಬರಲಿಲ್ಲ. ನಲವತ್ತು ವರ್ಷ ಹೊಲಿದವರು, ಸೊಸೆಗೆ ಕತ್ತರಿ ಹಿಡಿಯಲು ಕಲಿಸಿದವರೂ ಅವರೇ. ಬಟ್ಟೆ ಮಡಿಸಿಟ್ಟು ಒಂದೇ ಮಾದರಿಯಲ್ಲಿ ಎರಡೂ ತೋಳು ಕತ್ತರಿಸಿದ್ದೇನೆ, ಒಂದು ಎಳೆ ಆಚೀಚೆ ಇದ್ದರೆ ನನ್ನ ಕಿವಿ ಹಿಂಡು ಎಂದು ವಾದಿಸಿದರು. ಟೇಪು ಹಿಡಿದು ನೋಡಿದರೆ ಅವರ ಮಾತೇ ಸರಿ. ಕೊನೆಗೆ ಟೇಪನ್ನು ಮೊಮ್ಮಗಳ ಕೈಗಳಿಗೆ ಹಿಡಿದರು. ಎಡಗೈ ಒಂದೂವರೆ ಇಂಚು ಕಡಿಮೆ ಬಂತು. ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲವಾದ್ದರಿಂದ ಇನ್ನೂ ಕಡಿಮೆ ಕಾಣುತ್ತಿತ್ತು.

ಆ ಕೈಯಲ್ಲಿ ಬಲವಿಲ್ಲವೆಂದು ಅವರಿಗೆ ಗೊತ್ತಿತ್ತು. ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಂಡಾಗ ಡಾಕ್ಟರು ತಲೆ ಹಿಡಿದು ಜೋರಾಗಿ ಎಳೆದಿದ್ದರು. ಮೂರು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಕೈ ಬೆಳೆಯುವುದರಲ್ಲೂ ಹಿಂದೆ ಬಿದ್ದಿದೆ ಎಂಬುದು ಮಾತ್ರ ಒಂದೇ ಮನೆಯಲ್ಲಿದ್ದೂ ಅಜ್ಜಿಯ ಕಣ್ಣಿಗೆ ಬಿದ್ದಿರಲಿಲ್ಲ. ಸೊಸೆ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಕಾಗದದ ಮಾದರಿಗಳನ್ನು ಇಳಿಸಿ ಮೇಜಿನ ಮೇಲೆ ಹರಡಿದಳು. ವರ್ಷಕ್ಕೊಂದು ಬಲತೋಳು. ಪ್ರತಿಯೊಂದರ ಹಿಂದೆಯೂ ಅಂಟಿಕೊಂಡಂತೆ ಇನ್ನೊಂದು, ಎಡತೋಳು. ಮೊದಲ ವರ್ಷದ್ದು ಕಾಲಿಂಚು ಗಿಡ್ಡ, ಆಮೇಲೆ ಅರ್ಧ, ಮುಕ್ಕಾಲು, ಹಾಗೇ ಮುಂದಕ್ಕೆ. ಅತ್ತೆ ಮೇಲಿನದೊಂದನ್ನೇ ತೆಗೆದುಕೊಂಡು ಕತ್ತರಿಸಿದ್ದರು.

"ಯಾರಿಗೂ ಕಾಣಬಾರದು ಅಂತ ಹೀಗೆ ಹೊಲಿದೆ ಅತ್ತೆ," ಎಂದಳು ಸೊಸೆ.

"ಇಷ್ಟು ನಾಜೂಕಾಗಿ ಹೊಲಿದ್ರೆ ನ್ಯಾಯಾಧೀಶರಿಗೂ ಕಾಣಲ್ಲ ಕಣೇ," ಎಂದರು ಅತ್ತೆ. "ಎಲ್ಲಿ, ಆ ವಕೀಲಮ್ಮ ಕೇಳಿದ್ದ ಕಾಗದ ತೆಗಿ."

ಆ ಕಾಗದ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಮೂರು ವರ್ಷದಿಂದ ನೂಲಿನ ಉಂಡೆಗಳ ಕೆಳಗಿತ್ತು. ವಕೀಲೆಯೊಬ್ಬರು ಗೌನು ಹೊಲಿಸಲು ಬಂದಾಗ ಮಗುವನ್ನು ನೋಡಿ, ನಮೂನೆಯೊಂದನ್ನು ಕೊಟ್ಟು, ಹೆರಿಗೆಯ ದಿನ ನಡೆದದ್ದನ್ನು ಬರೆದು ಕಳಿಸಿ, ಆಸ್ಪತ್ರೆಯ ಮೇಲೆ ದಾವೆ ಹೂಡಬಹುದೋ ನೋಡೋಣ ಎಂದಿದ್ದರು. ಗೆಲ್ಲುತ್ತೀರೆಂಬ ಮಾತು ಕೊಡಲಾರೆ, ಗೆದ್ದರೆ ಕೈಗೆ ಒಳ್ಳೆಯ ಚಿಕಿತ್ಸೆ ಮಾಡಿಸಬಹುದು, ಬಹಳ ತಡಮಾಡಿದರೆ ಅವಧಿ ಮೀರುತ್ತದೆ ಎಂದೂ ಹೇಳಿದ್ದರು. ಗಂಡ ನಿನ್ನಿಷ್ಟ ಎಂದುಬಿಟ್ಟಿದ್ದ. ಅವಳು ಎಲ್ಲವನ್ನೂ ಬರೆದಿದ್ದಳು. 'ಮಗುವಿಗೆ ಆಗಿರುವ ಹಾನಿ' ಎಂಬಲ್ಲಿ ಮಾತ್ರ ಜಾಗ ಖಾಲಿ. ಆ ಸಾಲು ಬರೆಯಲು ಕೂತಾಗಲೆಲ್ಲ ಅಂಗಳದಲ್ಲಿ ಚಿನಕುರುಳಿ ಕುಂಟಾಬಿಲ್ಲೆ ಆಡುತ್ತಾ ಯಾರನ್ನಾದರೂ ಸೋಲಿಸುತ್ತಿರುತ್ತಿದ್ದಳು.

"ಬರೆದುಬಿಟ್ರೆ ಇವಳು ಏನೋ ಕಳ್ಕೊಂಡವಳು ಅಂತ ಆಗಿಹೋಗುತ್ತೆ," ಎಂದಳು ತಾಯಿ.

ಚಿನಕುರುಳಿ ಉದ್ದ ತೋಳನ್ನು ಆನೆಯ ಸೊಂಡಿಲಿನಂತೆ ಬೀಸುತ್ತಾ ಅತ್ತಿಂದಿತ್ತ ನಡೆದಳು. "ಡ್ರಿಲ್ಲಲ್ಲಿ ಎರಡೂ ಕೈ ಮೇಲೆ ಅಂದ್ರೆ ನಾನು ಒಂದೇ ಎತ್ತೋದು. ಟೀಚರಿಗೆ ಗೊತ್ತು. ನನ್ನ ಪಕ್ಕದವಳಿಗೂ ಗೊತ್ತು. ಗುಟ್ಟು ಅಂದ್ಕೊಂಡಿರೋದು ನೀನೊಬ್ಬಳೇ ಅಮ್ಮ."

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ತಾಯಿಗೂ ನಗು ತಡೆಯಲಾಗಲಿಲ್ಲ. ಪೆನ್ನು ಸಿಗದೆ, ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಲ್ಲೇ ಖಾಲಿ ಜಾಗದಲ್ಲಿ ಬರೆದಳು: 'ಎಡಗೈ. ಪ್ರತಿ ವರ್ಷದ ಅಳತೆ ಇದರೊಂದಿಗೆ ಇದೆ.' ಮಾದರಿಗಳನ್ನು ಜೋಡಿಜೋಡಿಯಾಗಿ ಮಡಿಸಿ ಲಕೋಟೆಗೆ ತುಂಬಿದಳು. ಲಕೋಟೆ ಉಬ್ಬಿ, ಅಂಟಿನಿಂದ ಬಾಯಿ ಮುಚ್ಚಲಾಗಲಿಲ್ಲ. ಅತ್ತೆ ಸೂಜಿ ತೆಗೆದುಕೊಂಡು ಅದನ್ನು ಹೊಲಿದುಬಿಟ್ಟರು. ಕೋಟಿನ ತೋಳು ಬಿಚ್ಚಿ ಗಿಡ್ಡ ಮಾಡಿಕೊಡುತ್ತೇನೆ ಎಂದರೆ ಚಿನಕುರುಳಿ ಕೇಳಲಿಲ್ಲ. ಇವತ್ತೊಂದು ದಿನ ಸೊಂಡಿಲು ಇರಲಿ ಎಂದಳು.

ಶಾಲೆಯ ದಾರಿಯಲ್ಲೇ ಅಂಚೆ ಕಚೇರಿ. ತಾಯಿ ಮಗಳು ಒಳಗೆ ಹೋದರು. ಗುಮಾಸ್ತರು ಹೊಲಿದ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ ತೂಕಕ್ಕಿಟ್ಟರು. ಅವರ ಪ್ಯಾಂಟುಗಳೆಲ್ಲ ಇವಳೇ ಹೊಲಿದವು, ಸಲುಗೆ ಇತ್ತು. ಕೌಂಟರಿನ ಮೇಲಿಂದ ಬಗ್ಗಿ ಚಿನಕುರುಳಿಯನ್ನು ನೋಡಿದರು.

"ಏನಮ್ಮ ಇದು, ಊರಿಗೆಲ್ಲ ಹೊಲಿಯೋಳು ಸ್ವಂತ ಮಗಳ ಕೋಟಿಗೆ ಒಂದು ತೋಳು ಉದ್ದ ಬಿಟ್ಟಿದ್ದೀಯಲ್ಲ."

ತೋಳನ್ನು ಮಡಿಸಲು ತಾಯಿಯ ಕೈ ತಾನಾಗಿ ಮುಂದೆ ಹೋಯಿತು. ಅರ್ಧಕ್ಕೇ ನಿಂತಿತು.

"ತೋಳು ಎರಡೂ ಒಂದೇ ಅಳತೆ ಅಣ್ಣಾ, ಗಿಡ್ಡ ಇರೋದು ಅವಳ ಎಡಗೈ," ಎಂದಳು. "ನೀವು ಮುದ್ರೆ ಒತ್ತಿ."