ಪಕ್ಕದ ಹಾಸಿಗೆಯವಳ ಗಂಟಲು

ಸಾಯುವಾಗ ಯಾರು ಕೈ ಹಿಡಿದಿರುತ್ತಾರೋ ಅವರ ಗಂಟಲಿಗೆ ಸತ್ತವರ ದನಿ ಬಂದು ಕೂರುತ್ತದೆ, ಅವರ ಸ್ವಂತ ದನಿ ಹೋಗಿಬಿಡುತ್ತದೆ. ನೀಲವ್ವನ ಇಪ್ಪತ್ತರ ಮಗಳು ಸಾವಂತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನೀಲವ್ವ ಚಹಾ ತರಲು ಕೆಳಗೆ ಹೋಗಿದ್ದಳು. ಕೈ ಹಿಡಿದವಳು ಪಕ್ಕದ ಹಾಸಿಗೆಯ ಮುದುಕಿ ದ್ಯಾಮಕ್ಕ. ಆ ಮುದುಕಿ ಇದ್ದ ವೃದ್ಧಾಶ್ರಮದಲ್ಲೇ ನೀಲವ್ವ ಆಯಾ ಆಗಿ ಸೇರಿಕೊಂಡಳು.

ದ್ಯಾಮಕ್ಕ ಬಾಯಿ ತೆರೆಯುತ್ತಿದ್ದದ್ದು ಬೈಯಲು ಮಾತ್ರ. ಅದಕ್ಕೇ ನೀಲವ್ವ ದಿನವೂ ಅವಳ ಗಂಜಿಗೆ ಉಪ್ಪು ಹಾಕುತ್ತಿರಲಿಲ್ಲ.

“ಏ ಮೂಳಿ, ಇದನ್ನ ಎಮ್ಮಿ ಮುಂದ ಇಡು ಹೋಗು,” ಎಂದು ಸಾವಂತ್ರಿಯ ದನಿ ಬೈಯುತ್ತಿತ್ತು. ನೀಲವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಮುದುಕಿಗೆ ಮೇಲುಸಿರು ಶುರುವಾದ ಮಧ್ಯಾಹ್ನ ನೀಲವ್ವ ಓಡಿಬಂದು ಅವಳ ಕೈ ಹಿಡಿದಳು.

“ಕೈ ಬಿಡು,” ಎಂದಳು ದ್ಯಾಮಕ್ಕ. “ನೀ ಉಪ್ಪು ಯಾಕ ಹಾಕತಿರಲಿಲ್ಲಂತ ನನಗ ಗೊತ್ತಿತ್ತು. ಅದಕ್ಕ ಹೊಟ್ಟಿ ತುಂಬ ಬೈತಿದ್ದೆ. ದನಿ ನಿನ್ನ ಗಂಟಲಿಗೇ ಬಂದ್ರ ನಾಳೆ ನಿನಗ ಬೈಯಾವ್ರು ಯಾರು?”

ನೀಲವ್ವ ಕೈ ಬಿಟ್ಟಳು. ಹೊರಗೆ ನೆಲ ಒರೆಸುತ್ತಿದ್ದ ಗುರುಬಾಯಿಗೆ ನೀಲವ್ವನನ್ನು ಕಂಡರೆ ಆಗುತ್ತಿರಲಿಲ್ಲ, ದಿನಾ ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದಳು. ನೀಲವ್ವ ಅವಳನ್ನೇ ಒಳಗೆ ಕರೆದಳು.